ಪೆನ್ ಡ್ರೈವ್‌ಗೆ ತಗುಲುವ ವೈರಸ್: ಹರಡುವ ಬಗೆ, ಲಕ್ಷಣಗಳು ಮತ್ತು ಹತೋಟಿ ಕ್ರಮಗಳು

ಬೋರನಕಣಿವೆ ಜಲಾಶಯದ ಸುತ್ತಲಿನ ಹಳ್ಳಿಗಳಿಂದ ತಿಪಟೂರು, ತುರುವೇಕೆರೆಗಳವರೆಗಿನ ತೆಂಗಿನ ಸೀಮೆಯಲ್ಲಿ ಇಂದು ರೈತರ ಅನೇಕ ದಾಖಲೆಗಳು ಪೆನ್ ಡ್ರೈವ್‌ನಲ್ಲಿಯೇ ಸಂಚರಿಸುತ್ತವೆ. ಪಹಣಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಮಣ್ಣು ಪರೀಕ್ಷಾ ವರದಿ, ಹನಿ ನೀರಾವರಿ ಸಹಾಯಧನದ ಅರ್ಜಿ, ಬೆಂಬಲ ಬೆಲೆಗೆ ಕೊಬ್ಬರಿ ಮಾರಲು ಬೇಕಾದ ಕಾಗದಪತ್ರಗಳನ್ನು ಹೊತ್ತ ಒಂದೇ ಡ್ರೈವ್ ಜೆರಾಕ್ಸ್ ಅಂಗಡಿ, ರೈತ ಸಂಪರ್ಕ ಕೇಂದ್ರ, ಸಹಕಾರ ಸಂಘಗಳ ಗಣಕಯಂತ್ರಗಳನ್ನು ಸುತ್ತಿ ಬರುತ್ತದೆ. ನೋಂದಣಿಯ ಕೊನೆಯ ದಿನ ಕಡತ ತೆರೆಯದಿದ್ದರೆ ಆ ಹಂಗಾಮಿನ ಅವಕಾಶವೇ ಕೈತಪ್ಪಬಹುದು. ಆದುದರಿಂದ ಡ್ರೈವ್‌ನ ರಕ್ಷಣೆಯನ್ನೂ ಬೆಳೆ ಸಂರಕ್ಷಣೆಯಷ್ಟೇ ಶ್ರದ್ಧೆಯಿಂದ ಮಾಡುವುದು ಅಗತ್ಯ.

ಹರಡುವ ಬಗೆ

ವೈರಸ್ ಎಂದರೆ ಹಾನಿ ಮಾಡಲೆಂದೇ ಬರೆದ ತಂತ್ರಾಂಶ. ಸೋಂಕಿತ ಗಣಕಯಂತ್ರಕ್ಕೆ ಪೆನ್ ಡ್ರೈವ್ ಜೋಡಿಸಿದಾಗ ಅದು ತನ್ನ ನಕಲನ್ನು ಡ್ರೈವ್‌ನಲ್ಲಿ ಇರಿಸಿ, ಮುಂದಿನ ಯಂತ್ರಕ್ಕೆ ದಾಟುತ್ತದೆ. ಹಿಂದೆ ವಿಂಡೋಸ್‌ನ ‘ಆಟೋರನ್’ ಸೌಲಭ್ಯದಿಂದಾಗಿ ಡ್ರೈವ್ ಜೋಡಿಸಿದ ಮಾತ್ರಕ್ಕೇ ಸೋಂಕು ತಗುಲುವ ಸಾಧ್ಯತೆಯಿತ್ತು. 2008ರಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಈ ದಾರಿಯನ್ನೂ ಬಳಸಿಕೊಂಡಿತು. ವಿಂಡೋಸ್ 7ರಿಂದ ಪೆನ್ ಡ್ರೈವ್‌ಗಳಿಗೆ ಈ ಸೌಲಭ್ಯವನ್ನು ನಿಲ್ಲಿಸಲಾಯಿತು. ಅಂದಿನಿಂದ ವೈರಸ್‌ಗಳು ಬಳಕೆದಾರರ ಕೈಯಿಂದಲೇ ಚಾಲನೆ ಪಡೆಯುವ ತಂತ್ರವನ್ನು ಹೆಚ್ಚಾಗಿ ಅನುಸರಿಸುತ್ತಿವೆ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ‘ಶಾರ್ಟ್‌ಕಟ್’ ಇಡುತ್ತವೆ. ಅದನ್ನು ಒತ್ತಿದರೆ ಫೋಲ್ಡರ್ ತೆರೆಯುತ್ತದೆ. ಜೊತೆಗೆ ಮರೆಯಲ್ಲಿ ವೈರಸ್ಸೂ ಚಾಲನೆಗೊಳ್ಳುತ್ತದೆ.

ಲಕ್ಷಣಗಳು

• ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಾಣುವುದು.
• ಕಡತಗಳು ಕಾಣದಿದ್ದರೂ ಡ್ರೈವ್‌ನಲ್ಲಿ ಜಾಗ ತುಂಬಿರುವಂತೆ ತೋರುವುದು.
• ತಾವು ಹಾಕದ ಕಡತಗಳು ಇರುವುದು. ಅದರಲ್ಲೂ ಹೆಸರಿನ ಕೊನೆಯಲ್ಲಿ ‘ಇಎಕ್ಸ್‌ಇ’ ಅಥವಾ ‘ವಿಬಿಎಸ್’ ಎಂದಿರುವುದು.

ಮುಂಜಾಗ್ರತಾ ಕ್ರಮಗಳು

1. ಓಡಾಡುವ ಡ್ರೈವ್‌ನಲ್ಲಿ ದಾಖಲೆಯ ಏಕೈಕ ಪ್ರತಿ ಇರಬಾರದು. ಎಲ್ಲಕ್ಕಿಂತ ಮುಖ್ಯವಾದ ಕ್ರಮ ಇದೇ. ಮೂಲ ಕಡತಗಳನ್ನು ಮನೆಯಿಂದ ಹೊರಹೋಗದ ಮತ್ತೊಂದು ಡ್ರೈವ್‌ನಲ್ಲಿ ಇಡಬೇಕು.
2. ಮುದ್ರಣಕ್ಕೆ ಬೇಕಾದ ಕಡತಗಳನ್ನಷ್ಟೇ ಒಯ್ಯಬೇಕು. ಅಂಗಡಿಯ ಯಂತ್ರದಲ್ಲಿ ಆಧಾರ್, ಪಾಸ್ ಪುಸ್ತಕಗಳ ಪ್ರತಿ ಉಳಿದಿದ್ದರೆ ಎದುರಿನಲ್ಲಿಯೇ ಅಳಿಸುವಂತೆ ಕೇಳಬೇಕು.
3. ಹೊರಗಿನಿಂದ ತಂದ ಡ್ರೈವನ್ನು ತೆರೆಯುವ ಮುನ್ನ ತಪಾಸಣೆ ಮಾಡಬೇಕು. ವಿಂಡೋಸ್ 10 ಮತ್ತು 11ರಲ್ಲಿ ಇದಕ್ಕೆ ‘ಮೈಕ್ರೋಸಾಫ್ಟ್ ಡಿಫೆಂಡರ್’ ಉಚಿತವಾಗಿ ಲಭ್ಯವಿದೆ. ಡ್ರೈವ್‌ನ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಸ್ಕ್ಯಾನ್’ ಆಯ್ಕೆ ಮಾಡಬೇಕು. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು ಸಿಗಲು ಅದನ್ನು ಅಂತರ್ಜಾಲದ ಮೂಲಕ ಆಗಾಗ್ಗೆ ನವೀಕರಿಸಬೇಕು.
4. ದಾರಿಯಲ್ಲಿ ಸಿಕ್ಕ, ಯಾರದೆಂದು ತಿಳಿಯದ ಡ್ರೈವನ್ನು ಜೋಡಿಸಿ ನೋಡಬಾರದು.

ಸೋಂಕು ತಗುಲಿದಾಗ

ಗಾಬರಿಯಿಂದ ಡ್ರೈವನ್ನು ‘ಫಾರ್ಮ್ಯಾಟ್’ ಮಾಡಬಾರದು. ಶಾರ್ಟ್‌ಕಟ್ ವೈರಸ್ ತಗುಲಿದ್ದರೆ ಕಡತಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಅಡಗಿರುತ್ತವೆ. ಮೊದಲು ತಪಾಸಣೆ ನಡೆಸಿ ವೈರಸ್ ತೆಗೆಯಬೇಕು. ನಂತರ ಫೋಲ್ಡರ್ ಆಯ್ಕೆಗಳಲ್ಲಿ ಅಡಗಿದ ಕಡತಗಳನ್ನೂ ಸಿಸ್ಟಂ ಕಡತಗಳನ್ನೂ ತೋರಿಸುವಂತೆ ಬದಲಿಸಿ, ತಮ್ಮ ದಾಖಲೆಗಳನ್ನಷ್ಟೇ ಬೇರೆಡೆಗೆ ನಕಲಿಸಿಕೊಳ್ಳಬೇಕು. ಫಾರ್ಮ್ಯಾಟ್ ಮಾಡುವುದು ಕೊನೆಯ ಹಂತ. ಕಡತಗಳನ್ನು ಬೀಗ ಹಾಕಿದಂತೆ ಮಾಡಿ ಹಣ ಕೇಳುವ ‘ರ‍್ಯಾನ್ಸಮ್‌ವೇರ್’ ತಗುಲಿದಲ್ಲಿ ಅವನ್ನು ಮರಳಿ ಪಡೆಯುವುದು ಬಹಳ ಕಷ್ಟ. ಆಗ ಬೇರೆ ಡ್ರೈವ್‌ನಲ್ಲಿಟ್ಟ ಮೂಲ ಪ್ರತಿಯೇ ಆಧಾರ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ತೆಂಗಿನ ಅಣಬೆ ರೋಗ ಕಂಡಾಗ ರೋಗಪೀಡಿತ ಮರದ ಸುತ್ತ ಕಂದಕ ತೋಡಿ ನೆರೆಯ ಮರಗಳನ್ನು ಕಾಪಾಡುವಂತೆ ನಾವು ಸಲಹೆ ನೀಡುತ್ತೇವೆ. ಕಚೇರಿಯಲ್ಲಿಯೂ ಅಂಥದೇ ಕಂದಕವೊಂದು ಬೇಕು. ರೈತರು ತರುವ ಡ್ರೈವ್‌ಗಳಿಗೆ ಒಂದು ಗಣಕಯಂತ್ರವನ್ನು ಮೀಸಲಿಟ್ಟು, ಅದನ್ನು ಕಚೇರಿಯ ಜಾಲದಿಂದ ಬೇರ್ಪಡಿಸಬೇಕು. ಫಲಾನುಭವಿಗಳ ಪಟ್ಟಿಯನ್ನು ಅದರಲ್ಲಿ ಇಡಬಾರದು. ತರಬೇತಿಯ ವಿಡಿಯೋಗಳನ್ನು ಹಂಚುವ ಡ್ರೈವನ್ನು ಪ್ರತಿ ಸಲವೂ ತಪಾಸಣೆಗೆ ಒಳಪಡಿಸಬೇಕು. ಒಂದು ಸೋಂಕಿತ ಡ್ರೈವ್ ಒಂದೇ ತರಬೇತಿಯಲ್ಲಿ ಹಲವು ಹಳ್ಳಿಗಳಿಗೆ ವೈರಸ್ ತಲುಪಿಸಬಲ್ಲದು.

ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವು ವೈರಸ್ ನಿವಾರಣೆಗೆ ಉಚಿತ ತಂತ್ರಾಂಶಗಳನ್ನು ಒದಗಿಸುತ್ತದೆ. ದಾಖಲೆ ಸೋರಿಕೆಯಾಗಿ ಬ್ಯಾಂಕ್ ಖಾತೆಯಿಂದ ಹಣ ಹೋದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.