ಓದಿ ಪರೀಕ್ಷಿಸುವ ವಿಜ್ಞಾನ: ಹೊಸ ವಿ.ವಿ.ಗಳಿಗೆ ಜರ್ನಲ್ ಕ್ಲಬ್ ಏಕೆ ಬೇಕು?

ಜಮಖಂಡಿ: ಸಾವಯವ ಎಂದೊಡನೆ ಮುಧೋಳ, ಜಮಖಂಡಿಯ ಕಬ್ಬಿನ ಸೀಮೆಯಲ್ಲಿ ನೆನಪಾಗುವುದು ಬೆಲ್ಲ. ಆದರೆ ರಸಾಯನ ವಿಜ್ಞಾನದಲ್ಲಿ ಇಂಗಾಲ ಪ್ರಧಾನವಾದ ಸಂಯುಕ್ತಗಳಿಗೆ ಸಾವಯವ ಎನ್ನುತ್ತಾರೆ. ಇಂಥ ವಸ್ತುಗಳಿಂದ ಟ್ರಾನ್ಸಿಸ್ಟರ್, ಸೌರಕೋಶ, ಪರದೆಗಳನ್ನು ರೂಪಿಸುವ ಶಾಸ್ತ್ರವೇ ಸಾವಯವ ಎಲೆಕ್ಟ್ರಾನಿಕ್ಸ್.

ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹರಿಯದು ಎಂಬುದು ಶಾಲೆಯ ಪಾಠ. ಪಾಲಿಅಸಿಟಿಲೀನ್ ಎಂಬ ಪಾಲಿಮರ್‌ಗೆ ಅಯೋಡಿನ್ ಬೆರೆಸಿದರೆ ಅದು ವಾಹಕವಾಗುತ್ತದೆಂದು ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಕಾವಾ 1977ರಲ್ಲಿ ತೋರಿಸಿದರು. 2000ದಲ್ಲಿ ಈ ಮೂವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಇಂದಿನ ಅನೇಕ ಮೊಬೈಲ್‌ಗಳ ಓಎಲ್ಇಡಿ ಪರದೆ ಈ ಕ್ಷೇತ್ರದ ಫಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಕೆ.ಎಸ್. ನಾರಾಯಣ್ ಅವರ ತಂಡ ಬೆಳಕಿಗೆ ಸ್ಪಂದಿಸುವ ಪಾಲಿಮರ್‌ಗಳನ್ನು ಕೃತಕ ಅಕ್ಷಿಪಟಕ್ಕೆ ಬಳಸುವ ಸಂಶೋಧನೆ ನಡೆಸಿದೆ.

ಇಂಥ ಸಂಶೋಧನಾ ತಂಡಗಳ ದಿನಚರಿಯಲ್ಲಿ ಪ್ರಯೋಗದಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ಅದೇ ಜರ್ನಲ್ ಕ್ಲಬ್. ಸದಸ್ಯನೊಬ್ಬ ಹೊಸ ಪ್ರಬಂಧವೊಂದನ್ನು ಆರಿಸಿ ಎಲ್ಲರಿಗೂ ಮುಂಚಿತವಾಗಿ ಹಂಚುತ್ತಾನೆ. ನಿಗದಿತ ದಿನ ಅದನ್ನು ವಿವರಿಸುತ್ತಾನೆ. ಉಳಿದವರು ಪ್ರಶ್ನಿಸುತ್ತಾರೆ: ಎಷ್ಟು ಸಾಧನಗಳನ್ನು ಪರೀಕ್ಷಿಸಲಾಗಿದೆ? ಗಾಳಿ, ತೇವಾಂಶದಲ್ಲಿ ಅವು ಎಷ್ಟು ದಿನ ಬಾಳಿದವು? ನಕ್ಷೆಯಿಂದ ಈ ತೀರ್ಮಾನ ನಿಜಕ್ಕೂ ಹೊರಡುವುದೇ? ಬನಹಟ್ಟಿಯ ನೇಕಾರ ಸೀರೆಯ ಎಳೆ ಪರೀಕ್ಷಿಸುವ ರೀತಿಯ ಓದು ಇದು.

ಈ ಓದಿನ ಬೆಲೆ ಏನೆಂಬುದಕ್ಕೆ ಇದೇ ಕ್ಷೇತ್ರದಲ್ಲಿ ಸಾಕ್ಷಿಯಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಯಾನ್ ಹೆಂಡ್ರಿಕ್ ಶೋನ್ ಸಾವಯವ ಟ್ರಾನ್ಸಿಸ್ಟರ್‌ಗಳ ಕುರಿತು ‘ನೇಚರ್’, ‘ಸೈನ್ಸ್’ ಪತ್ರಿಕೆಗಳಲ್ಲಿ ಸಾಲು ಸಾಲಾಗಿ ಪ್ರಬಂಧ ಪ್ರಕಟಿಸಿ ಜಗದ್ವಿಖ್ಯಾತನಾಗಿದ್ದ. ಬೇರೆ ಬೇರೆ ತಾಪಮಾನದಲ್ಲಿ ನಡೆದವೆಂದು ಹೇಳಲಾದ ಪ್ರಯೋಗಗಳ ನಕ್ಷೆಗಳಲ್ಲಿ ಒಂದೇ ಬಗೆಯ ಏರಿಳಿತವಿರುವುದನ್ನು 2002ರಲ್ಲಿ ಓದುಗ ವಿಜ್ಞಾನಿಗಳು ಗುರುತಿಸಿದರು. ತನಿಖಾ ಸಮಿತಿ 16 ಪ್ರಕರಣಗಳಲ್ಲಿ ವಂಚನೆಯನ್ನು ದೃಢಪಡಿಸಿತು. ಶೋನ್ ಕೆಲಸ ಕಳೆದುಕೊಂಡ. ಸಂಶಯಕ್ಕೆ ಮೊದಲ ಆಧಾರ ಒದಗಿಸಿದ್ದು ಯಂತ್ರವಲ್ಲ, ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಕಣ್ಣು.

ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಜಮಖಂಡಿಯಲ್ಲಿ ಆರಂಭವಾಯಿತು. ಇಂಥ ಹೊಸ ವಿ.ವಿ.ಗಳನ್ನು ಮುಚ್ಚುವ ವಿಷಯ 2025ರಲ್ಲಿ ಸರ್ಕಾರದ ಮಟ್ಟದಲ್ಲಿ ಚರ್ಚೆಗೂ ಬಂದಿತ್ತು. ದುಬಾರಿ ಪ್ರಯೋಗಾಲಯ ಇಂಥ ಕಡೆ ಸುಲಭವಾಗಿ ಬರುವಂಥದ್ದಲ್ಲ. ಆದರೆ ಪ್ರಬಂಧಗಳು ಬಂದಿವೆ. 2025ರ ಜನವರಿ 1ರಿಂದ ಜಾರಿಯಾದ ಕೇಂದ್ರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದೆ. ಖಾಸಗಿ ಕಾಲೇಜುಗಳವರು ‘ಆರ್‌ಕೈವ್’ ಜಾಲತಾಣದಿಂದ ಉಚಿತವಾಗಿ ಪ್ರಬಂಧಗಳನ್ನು ಪಡೆಯಬಹುದು.

ಬೀಳಗಿಯ ಅಥವಾ ರಬಕವಿಯ ಪದವಿ ವಿದ್ಯಾರ್ಥಿ ಜಕ್ಕೂರಿನ ಪ್ರಯೋಗಾಲಯದಿಂದ ನೂರಾರು ಕಿಲೋಮೀಟರ್ ದೂರದಲ್ಲಿದ್ದಾನೆ. ಅಲ್ಲಿ ಓದುವ ಪ್ರಬಂಧವನ್ನು ಇಲ್ಲಿಯೂ ಓದಲು ಒಂದು ಕೊಠಡಿ, ಒಂದು ಕರಿಹಲಗೆ, ಪ್ರಶ್ನೆಗೆ ಮುನಿಯದ ಒಬ್ಬ ಅಧ್ಯಾಪಕ ಇದ್ದರೆ ಸಾಕು.