ಸ್ಟಿಯರಿಂಗ್ ಗೊಣಗಿದರೆ ಇಂಜಿನ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಬಜಪೆ ಪೇಟೆಯಲ್ಲಿ ನನ್ನ ಹಳೆ ಲಾರಿ ತಿರುಗಿಸುವಾಗ ಸ್ಟಿಯರಿಂಗ್ ಗುಂಯ್‌ಗುಡುತ್ತದೆ, ಇಂಜಿನ್ನೂ ಆಫ್ ಆಗುತ್ತದೆ. ಒಂದಕ್ಕೊಂದು ಸಂಬಂಧ ಉಂಟಾ?

ಉತ್ತರ: ಉಂಟು. ಸ್ಟಿಯರಿಂಗ್ ಪಂಪನ್ನು ತಿರುಗಿಸುವುದು ಇಂಜಿನ್ನೇ. ಸ್ಟಿಯರಿಂಗನ್ನು ಕೊನೆಯವರೆಗೆ ಎಳೆದು ಹಿಡಿದರೆ ಪಂಪಿನ ಭಾರ ಏರುತ್ತದೆ. ಐಡ್ಲಿಂಗ್ ತಗ್ಗಿದ ಇಂಜಿನ್ ಅಲ್ಲೇ ಕೈಕೊಡುತ್ತದೆ.

ಮೊದಲು ಸ್ಟಿಯರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಆಯಿಲ್ ಕಡೆದ ಮಜ್ಜಿಗೆಯಂತೆ ನೊರೆಗಟ್ಟಿದ್ದರೆ ಗಾಳಿ ಸೇರಿದೆ. ಪಂಪಿಗೆ ಬರುವ ಪೈಪಿನ ಕ್ಲಿಪ್ ಸಡಿಲವಾಗಿರಬಹುದು. ಬರೀ ಆಯಿಲ್ ತುಂಬಿಸಿ ಸುಮ್ಮನಾಗುವುದು ನಮ್ಮವರ ಹಳೇ ಚಾಳಿ, ಸೋರುವ ಜಾಗ ಹುಡುಕಿ.

ನೇರ ರಸ್ತೆಯಲ್ಲೂ ನಿಲ್ಲುತ್ತದೆಯೇ? ಹಾಗಾದರೆ ದೋಷ ಡೀಸೆಲ್ ಕಡೆಯದಿರಬಹುದು. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲ್ ಗಾಜಿನ ಲೋಟಕ್ಕೆ ಬಿಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ, ನಮ್ಮ ಮಳೆಗಾಲದಲ್ಲಿ ಇದು ಮಾಮೂಲು. ದೋಷ ಸರಿಯಾಗುವವರೆಗೆ ಲೋಡ್ ಹಾಕಿಕೊಂಡು ಇಳಿಜಾರಿಗೆ ಹೋಗಬೇಡಿ. ಇಂಜಿನ್ ನಿಂತರೆ ಸ್ಟಿಯರಿಂಗ್ ಕಲ್ಲಾಗುತ್ತದೆ.