ಪಕ್ಕದಲ್ಲಿ ಕುಳಿತು ನುಡಿಸಿದವರು

1997ರಲ್ಲಿ ಹೊರಬಂದ 'ಬ್ವೇನಾ ವಿಸ್ತಾ ಸೋಷಿಯಲ್ ಕ್ಲಬ್' ಆಲ್ಬಂನ ಮುಖಪುಟದಲ್ಲಿ ಹವಾನಾದ ಒಂದು ಬೀದಿ ಇದೆ. ಅಲ್ಲಿ ನಡೆದುಬರುತ್ತಿರುವವರು ಗಾಯಕ ಇಬ್ರಾಹಿಂ ಫೆರೇರ್. ಫೋಟೊ ತೆಗೆದವರು ಸೂಸನ್ ಟೈಟಲ್‌ಮನ್. ಅವರ ಪತಿ ರೈ ಕೂಡರ್ ಈ ಆಲ್ಬಂನ ನಿರ್ಮಾಪಕರು, ಬಹುತೇಕ ಹಾಡುಗಳಲ್ಲಿ ಗಿಟಾರ್ ನುಡಿಸಿದವರೂ ಹೌದು. ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ, ಅವರ ಬದುಕಿನ ಅತಿ ದೊಡ್ಡ ಯಶಸ್ಸು ಎನ್ನಬಹುದಾದ ಈ ಆಲ್ಬಂನ ಮುಖಪುಟದಲ್ಲಿ ಅವರ ಮುಖವಿಲ್ಲ.

ಅರವತ್ತು ವರ್ಷಗಳ ಅವರ ಧ್ವನಿಮುದ್ರಿಕೆಗಳನ್ನು ಸಾಲಾಗಿ ಕೇಳುತ್ತ ಹೋದರೆ ಇದು ಆಕಸ್ಮಿಕ ಅಲ್ಲವೆಂದು ತಿಳಿಯುತ್ತದೆ. ರಾಕ್ ಸಂಗೀತದಲ್ಲಿ ಗಿಟಾರ್ ಹಿಡಿದವನು ವೇದಿಕೆಯ ನಟ್ಟನಡುವೆ ನಿಲ್ಲುವವನು. ಅವನ ಏಕಾಂಗಿ ಸುತ್ತು ಎಷ್ಟು ಉದ್ದ, ಎಷ್ಟು ವೇಗ ಎಂಬುದರ ಮೇಲೆ ಅವನ ಖ್ಯಾತಿ ನಿಂತಿರುತ್ತದೆ. ಕೂಡರ್ ಅದೇ ಲೋಕದಲ್ಲಿ ಬೆಳೆದರೂ ಹಿಡಿದದ್ದು ಬೇರೆ ದಾರಿ. ನಮ್ಮ ಕಛೇರಿಗಳಲ್ಲಿ ಒಳ್ಳೆಯ ಪಿಟೀಲಿನವರು ಮಾಡುವ ಕೆಲಸವನ್ನೇ ಅವರು ಮಾಡಿದರು: ಹಾಡುವವರ ಉಸಿರನ್ನು ಗಮನಿಸುವುದು, ಅವರು ಬಿಟ್ಟ ಜಾಗದಲ್ಲಿ ಮಾತ್ರ ಒಂದೆರಡು ಸ್ವರ ಇಡುವುದು, ಬೇಡದಲ್ಲಿ ಕೈ ಎತ್ತಿಬಿಡುವುದು. ಅವರು ನಮ್ಮ ಕಾಲದ ಬಹು ದೊಡ್ಡ ಪಕ್ಕವಾದ್ಯಗಾರರಲ್ಲಿ ಒಬ್ಬರು ಎಂದು ನಾನು ನಂಬಿದ್ದೇನೆ. ಅವರನ್ನು ರಾಕ್ ಗಿಟಾರಿನ ದಿಗ್ಗಜ ಎಂದು ಕರೆಯುವವರು ಅವರ ಅರ್ಧ ಸಾಧನೆಯನ್ನಷ್ಟೇ ಹೇಳುತ್ತಾರೆ.

ಹುಟ್ಟಿದ್ದು 1947ರ ಮಾರ್ಚ್ 15ರಂದು, ಲಾಸ್ ಏಂಜಲೀಸಿನಲ್ಲಿ. ನಾಲ್ಕನೇ ವಯಸ್ಸಿನಲ್ಲಿ ಚಾಕುವಿನ ಅಪಘಾತದಲ್ಲಿ ಎಡಗಣ್ಣು ಹೋಯಿತು. ಗಿಟಾರ್ ಕೈಗೆ ಬಂದದ್ದೂ ಆ ಎಳವೆಯಲ್ಲೇ. ಹದಿಹರೆಯದಲ್ಲಿ ಊರಿನ ಆ್ಯಶ್ ಗ್ರೋವ್ ಕ್ಲಬ್ಬಿಗೆ ಬರುತ್ತಿದ್ದ ಹಳೆಯ ಬ್ಲೂಸ್ ಕಲಾವಿದರ ಕೈಚಳಕವನ್ನು ಹತ್ತಿರದಿಂದ ನೋಡಿ ಕಲಿತರು. 1965ರಲ್ಲಿ ತಾಜ್ ಮಹಲ್ ಎಂಬ ಹೆಸರಿನ ಕಪ್ಪು ಅಮೆರಿಕನ್ ಗಾಯಕನ ಜೊತೆ 'ರೈಸಿಂಗ್ ಸನ್ಸ್' ತಂಡ ಕಟ್ಟಿದರು. ಕೊಲಂಬಿಯಾ ಕಂಪನಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು, ಆದರೆ ಆಲ್ಬಂ ಹೊರಬರಲಿಲ್ಲ. ಆ ಹಾಡುಗಳು ಆಲ್ಬಂ ಆಗಿ ಕೇಳುಗರ ಕೈಸೇರಿದ್ದು 1992ರಲ್ಲಿ.

ತಂಡ ಒಡೆದ ಮೇಲೆ ಕೂಡರ್ ಸ್ಟುಡಿಯೊ ವಾದಕರಾದರು. 1967ರಲ್ಲಿ ಕ್ಯಾಪ್ಟನ್ ಬೀಫ್‌ಹಾರ್ಟ್ ಅವರ 'ಸೇಫ್ ಆ್ಯಸ್ ಮಿಲ್ಕ್' ಆಲ್ಬಂನಲ್ಲಿ ನುಡಿಸಿದಾಗ ಅವರಿಗೆ ಇಪ್ಪತ್ತು. ಮುಂದೆ ರೋಲಿಂಗ್ ಸ್ಟೋನ್ಸ್ ಕರೆಯಿತು. 1969ರ 'ಲೆಟ್ ಇಟ್ ಬ್ಲೀಡ್' ಆಲ್ಬಂನ ಒಂದು ಹಾಡಿನಲ್ಲಿ ಕೇಳುವ ಮ್ಯಾಂಡೋಲಿನ್ ಅವರದು. 1971ರ 'ಸ್ಟಿಕಿ ಫಿಂಗರ್ಸ್'ನಲ್ಲಿರುವ 'ಸಿಸ್ಟರ್ ಮಾರ್ಫಿನ್' ಹಾಡಿನ ಸ್ಲೈಡ್ ಗಿಟಾರೂ ಅವರದೇ. ಆ ಹಾಡನ್ನು ಒಮ್ಮೆ ಕೇಳಿ ನೋಡಿ. ಗಾಯಕ ಆಸ್ಪತ್ರೆಯ ಹಾಸಿಗೆಯ ಮೇಲಿನ ಮನುಷ್ಯನೊಬ್ಬನ ಸಂಕಟವನ್ನು ಹೇಳುತ್ತಿದ್ದರೆ, ಆ ಸಂಕಟ ಮೈಯಲ್ಲಿ ಹರಿಯುವ ಬಗೆಯನ್ನು ಹೇಳುವುದು ಈ ಗಿಟಾರ್.

ಸ್ಲೈಡ್ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎಡಗೈ ಕಿರುಬೆರಳಿಗೆ ಗಾಜಿನ ಒಂದು ಕೊಳವೆ ಹಾಕಿಕೊಳ್ಳುತ್ತಾರೆ. ಹಿಂದೆ ಬಾಟಲಿಯ ಕತ್ತನ್ನೇ ಕತ್ತರಿಸಿ ಬಳಸುತ್ತಿದ್ದುದರಿಂದ ಅದಕ್ಕೆ ಬಾಟಲ್‌ನೆಕ್ ಎಂಬ ಹೆಸರು. ತಂತಿಯನ್ನು ಮೆಟ್ಟಿಲಿಗೆ ಒತ್ತುವುದಿಲ್ಲ, ಕೊಳವೆಯನ್ನು ಅದರ ಮೇಲೆ ತೇಲಿಸುತ್ತಾರೆ. ಆಗ ಎರಡು ಮೆಟ್ಟಿಲುಗಳ ನಡುವಿನ ಸ್ವರಗಳೂ ಕೈಗೆ ಸಿಗುತ್ತವೆ. ನಮ್ಮ ಜಾರು, ಹಿಂದೂಸ್ತಾನಿಯವರ ಮೀಂಡ್ ಇರುವುದು ಆ ನಡುವಿನ ಜಾಗದಲ್ಲೇ. ಗಿಟಾರಿನ ತಂತಿಗಳನ್ನು ಮಾಮೂಲಿ ಶ್ರುತಿಯಲ್ಲಿಡದೆ, ಬರಿಗೈಯಲ್ಲಿ ಮೀಟಿದರೂ ಒಂದು ಮೇಳ ಹೊರಡುವಂತೆ ಶ್ರುತಿ ಮಾಡಿರುತ್ತಾರೆ. ಕೂಡರ್ ಅವರ ವಿಶೇಷ ಇರುವುದು ತಡೆಯುವುದರಲ್ಲಿ. ಕೊಳವೆಯ ಹಿಂದೆ ಉಳಿದ ಬೆರಳುಗಳನ್ನು ತಂತಿಗೆ ಹಗುರವಾಗಿ ತಾಗಿಸಿ ಬೇಡದ ಝೇಂಕಾರವನ್ನು ಅಳಿಸುತ್ತಾರೆ. ಬಲಗೈಯಲ್ಲಿ ಬೆರಳುಗಳಿಂದಲೇ ಮೀಟುತ್ತಾರೆ. ಹೀಗೆ ಉಳಿಯುವ ಸ್ವರ ದುಂಡಗೆ, ತೂಕವಾಗಿ, ಒಂಟಿಯಾಗಿ ಬರುತ್ತದೆ. ಅದರ ಸುತ್ತ ಇರುವ ಮೌನವೂ ಕಿವಿಗೆ ಬೀಳುತ್ತದೆ.

1970ರಿಂದ ಅವರ ಸ್ವಂತ ಆಲ್ಬಂಗಳು ಶುರುವಾದವು. 'ಇನ್‌ಟು ದ ಪರ್ಪಲ್ ವ್ಯಾಲಿ', 'ಪ್ಯಾರಡೈಸ್ ಆ್ಯಂಡ್ ಲಂಚ್' ಮುಂತಾದ ಇವುಗಳಲ್ಲಿ ಹೆಚ್ಚಿನವು ಹಳೆಯ ಹಾಡುಗಳು. ಮಹಾ ಆರ್ಥಿಕ ಕುಸಿತದ ಕಾಲದ ಬಡ ರೈತರ, ಊರು ಬಿಟ್ಟು ಹೊರಟವರ ಹಾಡುಗಳಿಗೆ ಅವರು ಹೊಸ ಲಯ ಕೊಟ್ಟರು. ವಿಮರ್ಶಕರು ಮೆಚ್ಚಿದರು, ಜನ ಅಷ್ಟಾಗಿ ಕೊಳ್ಳಲಿಲ್ಲ.

ನನ್ನ ಮಟ್ಟಿಗೆ ಈ ದಶಕದ ತಿರುವು 1976ರ 'ಚಿಕನ್ ಸ್ಕಿನ್ ಮ್ಯೂಸಿಕ್'. ಅದರಲ್ಲಿ ಇಬ್ಬರು ಹಿರಿಯರಿದ್ದಾರೆ. ಒಬ್ಬರು ಟೆಕ್ಸಸ್-ಮೆಕ್ಸಿಕೊ ಗಡಿಸೀಮೆಯ ಅಕಾರ್ಡಿಯನ್ ವಾದಕ ಫ್ಲಾಕೊ ಹಿಮೇನೆಸ್. ಇನ್ನೊಬ್ಬರು ಹವಾಯಿಯ ಗಿಟಾರ್ ಗುರು ಗ್ಯಾಬಿ ಪಹಿನೂಯಿ. ಹವಾಯಿಯ ತಂತಿ ಸಡಿಲಿಸುವ ಶ್ರುತಿಗಳನ್ನು ಕಲಿಯಲು ಕೂಡರ್ ಅಲ್ಲಿಗೇ ಹೋಗಿ, ಗ್ಯಾಬಿಯವರ ತಂಡದಲ್ಲಿ ಕುಳಿತು ನುಡಿಸಿದರು. ಕಲಿಯುವವನಾಗಿ ಹೋಗುವ ಈ ಸ್ವಭಾವ ಅವರನ್ನು ಮುಂದೆಯೂ ಬಿಡಲಿಲ್ಲ.

1979ರ 'ಬಾಪ್ ಟಿಲ್ ಯು ಡ್ರಾಪ್' ದೊಡ್ಡ ಕಂಪನಿಯೊಂದು ಡಿಜಿಟಲ್ ವಿಧಾನದಲ್ಲಿ ಮುದ್ರಿಸಿದ ಮೊದಲ ಜನಪ್ರಿಯ ಸಂಗೀತದ ಆಲ್ಬಂ ಎಂದು ದಾಖಲಾಗಿದೆ. ಎಂಬತ್ತರ ದಶಕ ಬಹುಪಾಲು ಸಿನಿಮಾಕ್ಕೆ ಹೋಯಿತು. ಅದರಲ್ಲಿ ಒಂದನ್ನು ಹೇಳಲೇಬೇಕು. ವಿಮ್ ವೆಂಡರ್ಸ್ ನಿರ್ದೇಶಿಸಿದ, 1984ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ 'ಪ್ಯಾರಿಸ್, ಟೆಕ್ಸಸ್'. ಮರುಭೂಮಿಯಲ್ಲಿ ಮಾತು ಬಿಟ್ಟು ನಡೆಯುವ ಮನುಷ್ಯನ ಕತೆ ಅದು. ಅದಕ್ಕೆ ಕೂಡರ್ ಆಧಾರವಾಗಿಟ್ಟುಕೊಂಡದ್ದು ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಅಂಧ ಗಾಯಕ 1927ರಲ್ಲಿ ಮುದ್ರಿಸಿದ್ದ, ಸಾಹಿತ್ಯವೇ ಇಲ್ಲದ ಒಂದು ಗುನುಗು. 1977ರಲ್ಲಿ ವಾಯೇಜರ್ ನೌಕೆ ಹೊತ್ತೊಯ್ದ ಚಿನ್ನದ ತಟ್ಟೆಯಲ್ಲೂ ಆ ಗುನುಗು ಇದೆ. ಚಿತ್ರದಲ್ಲಿ ಗಿಟಾರ್ ಎಷ್ಟು ಕಡಿಮೆ ನುಡಿಯುತ್ತದೆ ಎಂದರೆ, ಬಿಸಿಲಿಗೇ ಒಂದು ದನಿ ಬಂದ ಹಾಗೆ ಅನಿಸುತ್ತದೆ.

1987ರ 'ಗೆಟ್ ರಿದಂ' ಆದ ಮೇಲೆ, 2005ರವರೆಗೆ, ಅಂದರೆ 18 ವರ್ಷಗಳ ಕಾಲ ಕೂಡರ್ ತಮ್ಮ ಹಾಡುಗಾರಿಕೆಯ ಸ್ವಂತ ಆಲ್ಬಂ ತರಲಿಲ್ಲ. ಜಗತ್ತು ಅವರನ್ನು ನೆನೆಯುವುದು ಈ ವರ್ಷಗಳ ಕೆಲಸಕ್ಕಾಗಿ.

1992ರ ಸೆಪ್ಟೆಂಬರ್. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಕ್ರೈಸ್ತ ಗುರುಮಠವೊಂದರ ಪ್ರಾರ್ಥನಾ ಮಂದಿರ. ವಾಟರ್ ಲಿಲಿ ಅಕೂಸ್ಟಿಕ್ಸ್ ಎಂಬ ಪುಟ್ಟ ಸಂಸ್ಥೆಯ ಕವಿ ಅಲೆಗ್ಸಾಂಡರ್ ಅಲ್ಲಿಗೆ ಜೈಪುರದ ವಿಶ್ವಮೋಹನ ಭಟ್ ಅವರನ್ನೂ ಕೂಡರ್ ಅವರನ್ನೂ ಕರೆಸಿದ್ದರು. ನುಡಿಸಲು ಕೂರುವ ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಇಬ್ಬರೂ ಮೊದಲ ಬಾರಿ ಭೇಟಿಯಾದದ್ದು. ಭಟ್ಟರ ಮೋಹನವೀಣೆ ಮೂಲದಲ್ಲಿ ಗಿಟಾರೇ. ಅದಕ್ಕೆ ಅವರು ಮೂರು ನುಡಿಸುವ ತಂತಿ, ಐದು ಶ್ರುತಿಯ ತಂತಿ, ಹನ್ನೆರಡು ತರಬ್ ತಂತಿ, ಒಟ್ಟು 20 ತಂತಿ ಜೋಡಿಸಿ ತೊಡೆಯ ಮೇಲಿಟ್ಟು ನುಡಿಸುತ್ತಾರೆ. ತಬಲಾಕ್ಕೆ ಸುಖವಿಂದರ್ ಸಿಂಗ್ ನಾಮಧಾರಿ. ದುಂಬೆಕ್ ಎಂಬ ಅರಬ್ಬೀ ಚರ್ಮವಾದ್ಯಕ್ಕೆ ಕೂಡರ್ ಅವರ ಮಗ, 14 ವರ್ಷದ ವಾಕೀಮ್. ಹಳೆಯ ಪದ್ಧತಿಯ ಟೇಪಿನ ಮೇಲೆ ನೇರ ಮುದ್ರಣ, ಆಮೇಲೆ ಏನನ್ನೂ ಸೇರಿಸುವಂತಿಲ್ಲ.

ಹೀಗೆ ಹುಟ್ಟಿದ 'ಎ ಮೀಟಿಂಗ್ ಬೈ ದ ರಿವರ್' 1993ರಲ್ಲಿ ಹೊರಬಂದು ಮರುವರ್ಷ ಗ್ರ್ಯಾಮಿ ಗೆದ್ದಿತು. ಪೂರ್ವ-ಪಶ್ಚಿಮಗಳ ಸಂಗಮ ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಆಲ್ಬಂಗಳು ಸೋಲುವುದು ಇಬ್ಬರೂ ತಮ್ಮ ತಮ್ಮ ಸರಕನ್ನು ಒಟ್ಟೊಟ್ಟಿಗೆ ಸುರಿಯುವುದರಿಂದ. ಇಲ್ಲಿ ಹಾಗಾಗಿಲ್ಲ. ಭಟ್ಟರು ಆಲಾಪದಂತೆ ಒಂದು ಸ್ವರವನ್ನು ಹಿಡಿದು ಬೆಳೆಸುತ್ತ ಹೋಗುವಾಗ ಕೂಡರ್ ಕೆಳಗಿನ ಸ್ಥಾಯಿಯಲ್ಲಿ ಸುಮ್ಮನೆ ನೆಲ ಹಾಸುತ್ತಾರೆ. ಭಟ್ಟರು ನಿಂತಾಗ ಅದೇ ಸ್ವರವನ್ನು ಬ್ಲೂಸಿನ ಕಡೆಗೆ ಒಂದಿಷ್ಟು ಬಾಗಿಸಿ ತಿರುಗಿ ಕೊಡುತ್ತಾರೆ. ಒಬ್ಬರದು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಆರಂಭವಾಯಿತು ಎಂದು ಕಿವಿ ತಡವರಿಸುತ್ತದೆ. ಕೊನೆಯಲ್ಲಿ ಇಬ್ಬರೂ ಸೇರಿ ಎತ್ತಿಕೊಳ್ಳುವುದು ಫಿಜಿ ದ್ವೀಪಗಳ ಬೀಳ್ಕೊಡುಗೆಯ ಹಾಡೊಂದನ್ನು, ಇಬ್ಬರ ಊರಿಗೂ ಸೇರದ ಹಾಡನ್ನು.

ಈ ಹೊಂದಾಣಿಕೆಯ ಹಿಂದೆ ಒಂದು ಚರಿತ್ರೆಯಿದೆ. ಹವಾಯಿಯ ಗಿಟಾರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ತುಂಬ ಹರಡಿತು. ಅದೇ ವಾದ್ಯ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಹವಾಯಿಯ ತಾವ್ ಮೋಯ್ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ರಾಗಸಂಗೀತಕ್ಕೆ ಒಗ್ಗಿಸಿದರು. ಭಟ್ಟರು ಬಂದದ್ದು ಆ ಸಾಲಿನಲ್ಲಿ. ಒಂದೇ ದ್ವೀಪದಿಂದ ಹೊರಟ ಎರಡು ಕವಲುಗಳು ಸಾಂತಾ ಬಾರ್ಬರಾದಲ್ಲಿ ಕೂಡಿದವು. ದಕ್ಷಿಣದ ನಮಗಂತೂ ಈ ನಾದ ಪರಕೀಯವಲ್ಲ, ಗೋಟುವಾದ್ಯ ನುಡಿಯುವುದೂ ತಂತಿಯ ಮೇಲೆ ಜಾರುವ ಕೋಲಿನಿಂದಲೇ. ಇದೇ ಸಂಸ್ಥೆ 1995ರಲ್ಲಿ 'ಮುಮ್ತಾಜ್ ಮಹಲ್' ಎಂಬ ಆಲ್ಬಂ ತಂದಾಗ ಭಟ್ಟರ ಜೊತೆಗಿದ್ದವರು ಕೂಡರ್ ಅವರ ಹಳೆಯ ಗೆಳೆಯ ತಾಜ್ ಮಹಲ್ ಮತ್ತು ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣಾ (ಗೋಟುವಾದ್ಯ) ವಾದಕ ಎನ್. ರವಿಕಿರಣ್.

ಭಟ್ಟರ ನಂತರ ಮಾಲಿ ದೇಶದ ಅಲಿ ಫರ್ಕಾ ತೂರೆ. ನೈಜರ್ ನದಿ ದಂಡೆಯ ನಿಯಾಫುಂಕೆ ಊರಿನ ಈ ರೈತ ಗಿಟಾರಿಗನ ಜೊತೆ ಮಾಡಿದ 'ಟಾಕಿಂಗ್ ಟಿಂಬಕ್ಟು' 1994ರಲ್ಲಿ ಬಂತು, ಅದಕ್ಕೂ ಗ್ರ್ಯಾಮಿ ಸಿಕ್ಕಿತು. ಇಲ್ಲಿ ಕೂಡರ್ ಇನ್ನಷ್ಟು ಹಿಂದೆ ಸರಿದಿದ್ದಾರೆ, ತೂರೆಯವರ ಸುತ್ತಿ ಸುತ್ತಿ ಬರುವ ವಿನ್ಯಾಸಗಳ ಅಂಚನ್ನಷ್ಟೇ ಮುಟ್ಟುತ್ತಾರೆ.

1996ರ ಮಾರ್ಚ್‌ನಲ್ಲಿ ಲಂಡನ್ನಿನ ವರ್ಲ್ಡ್ ಸರ್ಕ್ಯೂಟ್ ಸಂಸ್ಥೆಯ ನಿಕ್ ಗೋಲ್ಡ್ ಹವಾನಾದಲ್ಲಿ ಮಾಲಿ ಮತ್ತು ಕ್ಯೂಬಾದ ಕಲಾವಿದರನ್ನು ಒಟ್ಟುಗೂಡಿಸಲು ಹೊರಟಿದ್ದರು. ಮಾಲಿಯವರು ಬಂದು ತಲುಪಲೇ ಇಲ್ಲ. ಸ್ಟುಡಿಯೊ ಗೊತ್ತು ಮಾಡಿಯಾಗಿತ್ತು, ಕೂಡರ್ ಬಂದಾಗಿತ್ತು. ಕ್ಯೂಬಾದ ಸಂಗೀತಗಾರ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಊರೆಲ್ಲ ತಿರುಗಿ ಹಿರಿಯರನ್ನು ಕರೆತಂದರು. ಇಬ್ರಾಹಿಂ ಫೆರೇರ್ ಹಾಡುವುದು ಬಿಟ್ಟು ಬೂಟ್ ಪಾಲಿಷ್ ಮಾಡಿ ದಿನ ದೂಡುತ್ತಿದ್ದರು. ಪಿಯಾನೊ ವಾದಕ ರುಬೆನ್ ಗೊನ್ಸಾಲೆಸ್ ಅವರಿಗೆ 76 ವರ್ಷ, ಮನೆಯಲ್ಲಿ ಪಿಯಾನೊ ಇರಲಿಲ್ಲ. ಬೆಳಗ್ಗೆ ಸ್ಟುಡಿಯೊ ಬಾಗಿಲು ತೆರೆಯುವ ಮುನ್ನವೇ ಬಂದು ಕಾಯುತ್ತಿದ್ದ ಅವರು, ತೆರೆದೊಡನೆ ಪಿಯಾನೊ ಬಳಿಗೆ ಧಾವಿಸುತ್ತಿದ್ದರಂತೆ. 1907ರಲ್ಲಿ ಹುಟ್ಟಿದ ಕೊಂಪಾಯ್ ಸೆಗುಂಡೊ ಇವರೆಲ್ಲರಿಗೂ ಹಿರಿಯರು. ಆರೇ ದಿನಗಳಲ್ಲಿ ಆಲ್ಬಂ ಮುಗಿಯಿತು.

ಆಮೇಲಿನದು ಲೋಕಕ್ಕೇ ಗೊತ್ತು: ಗ್ರ್ಯಾಮಿ, 1998ರ ಜುಲೈ 1ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಛೇರಿ, 1999ರಲ್ಲಿ ವೆಂಡರ್ಸ್ ಅವರ ಸಾಕ್ಷ್ಯಚಿತ್ರ. ಅಮೆರಿಕ ಸರ್ಕಾರ ಮಾತ್ರ ಕ್ಯೂಬಾ ಮೇಲಿನ ವ್ಯಾಪಾರ ನಿರ್ಬಂಧ ಮುರಿದದ್ದಕ್ಕೆ ಕೂಡರ್ ಅವರಿಗೆ 25,000 ಡಾಲರ್ ದಂಡ ಹಾಕಿತು. ಕೊನೆಗೆ 2022ರಲ್ಲಿ ಅದೇ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿಕೊಂಡಿತು.

ಒಂದು ಆಕ್ಷೇಪ ಆಗಿನಿಂದಲೂ ಇದೆ. ಅಮೆರಿಕದ ಬಿಳಿಯನೊಬ್ಬ ಬಂದು ಕ್ಯೂಬಾದವರನ್ನು 'ಕಂಡುಹಿಡಿದ' ಎಂಬಂತೆ ಕತೆ ಕಟ್ಟಲಾಯಿತು, ಹುವಾನ್ ದೆ ಮಾರ್ಕೋಸ್ ಮಾಡಿದ ಕೆಲಸ ಮಸುಕಾಯಿತು ಎಂದು. ಇದರಲ್ಲಿ ನಿಜವಿದೆ. ಒಮಾರಾ ಪೋರ್ತುವೊಂದೊ ಅವರಂಥ ಗಾಯಕಿಯನ್ನು ಯಾರೂ ಕಂಡುಹಿಡಿಯಬೇಕಿರಲಿಲ್ಲ, ದಶಕಗಳಿಂದ ಅವರು ಸ್ವದೇಶದಲ್ಲಿ ಪ್ರಸಿದ್ಧರು. ಆದರೆ ಆ ಕತೆ ಕಟ್ಟಿದ್ದು ಹೆಚ್ಚಾಗಿ ಪ್ರಚಾರದ ಯಂತ್ರ. ಧ್ವನಿಮುದ್ರಿಕೆ ಬೇರೆಯದನ್ನೇ ಹೇಳುತ್ತದೆ. ಗಮನವಿಟ್ಟು ಹುಡುಕಿದರೆ ಮಾತ್ರ ಕೂಡರ್ ಅವರ ಗಿಟಾರ್ ಹಿಂದೆಲ್ಲೋ ಕೇಳುತ್ತದೆ. ಕೆಲವೆಡೆ ಅದು ಇಲ್ಲದಿದ್ದರೂ ನಡೆಯುತ್ತಿತ್ತು ಎಂದು ನನಗನ್ನಿಸಿದ್ದುಂಟು. ಆದರೆ ಆ ಕೋಣೆಯ ಗಾಳಿ, ಮುದುಕರ ಗಂಟಲಿನ ಒರಟು, ಪಿಯಾನೊದ ಮರದ ವಾಸನೆ ಸಹಿತ ಹಿಡಿದಿಟ್ಟ ಆ ಮುದ್ರಣದ ಹದ ಕೇಳಬಲ್ಲ ಕಿವಿಯ ಕೆಲಸ. ಆ ಕಿವಿ ಅವರದು.

2005ರಲ್ಲಿ ಅವರು ಸ್ವಂತ ಆಲ್ಬಂಗೆ ಮರಳಿದಾಗಲೂ ಒಬ್ಬರೇ ಬರಲಿಲ್ಲ. 'ಚಾವೆಸ್ ರವೀನ್' ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದವರ ಬಡಾವಣೆಯ ಕತೆ. ಸರ್ಕಾರಿ ವಸತಿ ಕಟ್ಟುತ್ತೇವೆಂದು ಅಲ್ಲಿನವರನ್ನು 1950ರ ದಶಕದಲ್ಲಿ ಎಬ್ಬಿಸಿದರು. ವಸತಿ ಬರಲಿಲ್ಲ, 1962ರಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಬಂತು. ಆಲ್ಬಂನಲ್ಲಿ ಆ ಸಮುದಾಯದ ಹಿರಿಯ ಗಾಯಕ ಲಾಲೊ ಗೆರೆರೊ ಹಾಡಿದ್ದಾರೆ. ಬಿಡುಗಡೆಗೆ ಕೆಲವೇ ತಿಂಗಳ ಮುಂಚೆ ಅವರು ತೀರಿಕೊಂಡರು. ಅದರಲ್ಲಿ ಒಂದು ಹಾಡಿನ ನಾಯಕ ಕ್ರೀಡಾಂಗಣದಲ್ಲಿ ಕಾರು ನಿಲ್ಲಿಸುವ ಕೆಲಸದವನು. ತನ್ನ ಮನೆ ಇದ್ದದ್ದು ಈಗಿನ ಮೂರನೇ ಬೇಸ್ ಇರುವ ಜಾಗದಲ್ಲಿ ಎಂದು ಅವನು ಹೇಳುತ್ತಾನೆ. ಅದನ್ನು ಹಾಡಿದವರು ಬ್ಲಾ ಪಹಿನೂಯಿ, ಹವಾಯಿಯ ಗ್ಯಾಬಿಯವರ ಮಗ. ನೆಲ ಕಳೆದುಕೊಂಡವರ ಹಾಡಿಗೆ ಹವಾಯಿಯ ಕಂಠವನ್ನು ಆರಿಸಿದ್ದು ಎಷ್ಟು ಯೋಚಿಸಿ ಮಾಡಿದ ಕೆಲಸ!

ಆಮೇಲೆ ಐರ್ಲೆಂಡಿನ 'ಚೀಫ್ಟನ್ಸ್' ಜೊತೆ 2010ರಲ್ಲಿ 'ಸಾನ್ ಪತ್ರಿಸಿಯೊ' ಬಂತು. ಅದು 1840ರ ದಶಕದ ಯುದ್ಧದಲ್ಲಿ ಮೆಕ್ಸಿಕೊ ಪರ ಕಾದಾಡಿದ ಐರಿಷ್ ಸೈನಿಕರ ಕತೆ. 2022ರಲ್ಲಿ, ರೈಸಿಂಗ್ ಸನ್ಸ್ ಆರಂಭವಾಗಿ 57 ವರ್ಷಗಳ ನಂತರ, ತಾಜ್ ಮಹಲ್ ಮತ್ತು ಕೂಡರ್ ಮತ್ತೆ ಎದುರುಬದುರು ಕುಳಿತರು. ಹಳೆಯ ಬ್ಲೂಸ್ ಜೋಡಿ ಸನ್ನಿ ಟೆರ್ರಿ-ಬ್ರೌನಿ ಮೆಗೀ ಅವರ ಹಾಡುಗಳನ್ನು ವಾಕೀಮ್ ಮನೆಯ ಹಜಾರದಲ್ಲೇ ಮುದ್ರಿಸಿದ 'ಗೆಟ್ ಆನ್ ಬೋರ್ಡ್' 2023ರಲ್ಲಿ ಗ್ರ್ಯಾಮಿ ಪಡೆಯಿತು. ದನಿಗಳು ಒಡೆದಿವೆ, ತಾಳ ಕೆಲವೆಡೆ ಓಲಾಡುತ್ತದೆ. ಅದನ್ನು ತಿದ್ದಲು ಇಬ್ಬರೂ ಹೋಗಿಲ್ಲ.

ಕೂಡರ್ ಅವರನ್ನು ಇನ್ನೂ ಕೇಳದವರು ಹವಾನಾದಿಂದ ಶುರು ಮಾಡುವುದು ವಾಡಿಕೆ. ನಾನಾದರೆ ಭಟ್ಟರ ಜೊತೆಗಿನ ಆಲ್ಬಮನ್ನೇ ಮೊದಲು ಕೇಳಲು ಹೇಳುತ್ತೇನೆ, ಅದರ ನಾಲ್ಕು ತುಣುಕುಗಳನ್ನೂ ಒಂದೇ ಕೂರಿಕೆಯಲ್ಲಿ. ರಾಗ ಬಲ್ಲ ಕಿವಿಗೆ ಅಲ್ಲಿ ಬ್ಲೂಸ್ ತಾನಾಗಿ ಅರ್ಥವಾಗುತ್ತದೆ, ಆಮೇಲೆ ತೂರೆ, ಗ್ಯಾಬಿ, ಫ್ಲಾಕೊ ಎಲ್ಲರ ಬಾಗಿಲೂ ತೆರೆದೇ ಇರುತ್ತದೆ.